ಸಾಮಾನು ವೇಸ್ಟ್ ಆಗದ ಹಾಗೆ ಕಟ್ಟಿಸಲು ಮೇಸ್ತ್ರಿಗೆ ಜಾಸ್ತಿ ಕೊಡಬೇಕಾ?

ಮೈಸೂರಿನ ಬೋಗಾದಿಯಲ್ಲಿ ಲೇಬರ್ ಕಾಂಟ್ರಾಕ್ಟ್ ಮೇಲೆ ಮನೆ ಕಟ್ಟಿಸುತ್ತಿದ್ದೀರಿ, ವೇಸ್ಟ್ ಕಡಿಮೆ ಮಾಡಿ ಅಂದಿದ್ದಕ್ಕೆ ಮೇಸ್ತ್ರಿ ಚದರಕ್ಕೆ ರೇಟ್ ಏರಿಸಿದರು, ಕೊಡಬೇಕಾ ಅಂತ ಕೇಳಿದ್ದೀರಿ. ನಾನು ಇಲ್ಲೇ ಸೈಟ್ ಸೂಪರ್‌ವೈಸರ್. ಇಡೀ ಮನೆಗೆ ಕೊಡಬೇಡಿ. ಕಂಬಿಗೆ, ಟೈಲ್ಸಿಗೆ ಮಾತ್ರ ಕೊಡಿ.

ಮೇಸ್ತ್ರಿ ಕೇಳಿದ್ದರಲ್ಲಿ ತಪ್ಪಿಲ್ಲ. ಸಾಮಾನು ನಿಮ್ಮದು, ಕೂಲಿ ಅವರದು. ತುಂಡು ಹುಡುಕಿ ಹೊಂದಿಸುತ್ತಾ ಕೂತರೆ ಅವರ ದಿನ ಹೋಗುತ್ತದೆ, ನಿಮ್ಮ ದುಡ್ಡು ಉಳಿಯುತ್ತದೆ. ಸುಮ್ನೆ ಯಾರು ಮಾಡುತ್ತಾರೆ? ಮೆಟೀರಿಯಲ್ ಸಮೇತ ಕಾಂಟ್ರಾಕ್ಟ್ ಕೊಟ್ಟರೆ ವೇಸ್ಟ್ ತಾನಾಗಿಯೇ ಇಳಿಯುತ್ತದೆ. ಆದರೆ ಆಗ ಗೋಡೆಗೆ ಹೋಗಬೇಕಾದ ಸಿಮೆಂಟೂ ಉಳಿಯಲು ಶುರುವಾಗಬಹುದು, ಅದು ಬೇರೆ ಕಥೆ.

ಕಂಬಿ ಬರುವುದು 12 ಮೀಟರ್ ಉದ್ದ. ಬೀಮಿಗೆ 3.2 ಮೀಟರ್ ತುಂಡು ಬೇಕು ಅಂದುಕೊಳ್ಳಿ. ಮೂರು ಕತ್ತರಿಸಿದರೆ 2.4 ಮೀಟರ್ ಮಿಗುತ್ತದೆ. 16 ಎಂಎಂ ಕಂಬಿ ಮೀಟರಿಗೆ 1.58 ಕೆಜಿ, ಅಂದರೆ ಒಂದೊಂದು ಕಂಬಿಯಲ್ಲೂ ಹತ್ತಿರ ಹತ್ತಿರ 3.8 ಕೆಜಿ. ಗುಜರಿಯವರು ಅದಕ್ಕೆ ಹೊಸ ಕಂಬಿ ರೇಟ್ ಕೊಡುವುದಿಲ್ಲ. ಕತ್ತರಿಸುವ ಮೊದಲೇ ಇಂಜಿನಿಯರ್ ಹತ್ತಿರ ಬಾರ್ ಬೆಂಡಿಂಗ್ ಶೆಡ್ಯೂಲ್ ಬರೆಸಿ, ಅಂದರೆ ಯಾವ ಕಂಬಿ ಎಷ್ಟುದ್ದ, ಎಷ್ಟು ತುಂಡು ಬೇಕು ಅನ್ನುವ ಪಟ್ಟಿ. ಆ ತುಂಡು ಇನ್ನೆಲ್ಲಿ ಹೊಂದುತ್ತದೆ ಅಂತ ಪೇಪರಲ್ಲೇ ಗೊತ್ತಾಗುತ್ತದೆ. ಇದಕ್ಕೆ ಫೀಸ್ ಕೇಳಿದರೆ ಚೌಕಾಸಿ ಬೇಡ. ಕಂಬಿ ಕಟ್ಟುವವರು ಆ ಶೀಟ್ ನೋಡುತ್ತಿಲ್ಲ ಅನ್ನಿಸಿದರೆ ಮೊದಲ ದಿನ ನೀವೇ ಟೇಪ್ ಹಿಡಿದು ನಿಲ್ಲಿ.

ಟೈಲ್ಸ್ ಇನ್ನೂ ಮೋಸ. ಎರಡಡಿ ಟೈಲ್ ಹಾಕುವ ರೂಮು 10 ಅಡಿ 3 ಇಂಚು ಇದ್ದರೆ ಕೊನೆಗೆ ಮೂರಿಂಚಿನ ಪಟ್ಟಿ ಬೇಕು. ಅವಸರದಲ್ಲಿರುವವರು ಪ್ರತಿ ಪಟ್ಟಿಗೂ ಹೊಸ ಟೈಲ್ ಕೊಯ್ದು ಮಿಕ್ಕಿದ್ದನ್ನು ಮೂಲೆಗೆ ಎಸೆಯುತ್ತಾರೆ. ಸ್ಕರ್ಟಿಂಗಿಗೆ, ಅಂದರೆ ಗೋಡೆ ಬುಡದ ಸುತ್ತ ಹಾಕುವ ಪಟ್ಟಿಗೆ, ತುಂಡೇ ಬಳಸಬೇಕು ಅಂತ ಹೇಳಿ, ಆ ಕೊಯ್ಯುವ ಕೂಲಿ ಬೇರೆ ಕೊಡಿ.

ಗಿಲಾವು ಮಾಡುವಾಗ ಗೋಡೆ ಬುಡಕ್ಕೆ ಖಾಲಿ ಸಿಮೆಂಟ್ ಚೀಲ ಹಾಸಿಸಿ. ಬಿದ್ದ ಗಾರೆ ಮಣ್ಣಾಗದೆ ಆಗಿಂದಾಗಲೇ ಮತ್ತೆ ಗೋಡೆಗೆ ಹೋಗುತ್ತದೆ. ಇದಕ್ಕೆ ಪೈಸೆ ಖರ್ಚಿಲ್ಲ. ಮುರಿದ ಬ್ಲಾಕಿಗೆ ಕೂಲಿ ಸುರಿಯಬೇಡಿ, ಪೋರ್ಟಿಕೊ ತಗ್ಗಿಗೆ ತುಂಬಿಸಿ.

ಆಮೇಲೂ ಒಂದೆರಡು ಟ್ರ್ಯಾಕ್ಟರ್ ಡೆಬ್ರಿ (ಕಟ್ಟಡದ ಕಸ) ಉಳಿದೇ ಉಳಿಯುತ್ತದೆ. ರಿಂಗ್ ರೋಡ್ ಪಕ್ಕ ರಾತ್ರೋರಾತ್ರಿ ಸುರಿಯುವುದನ್ನು ನೋಡಿರುತ್ತೀರಿ, ಅಲ್ವಾ? ಕೇಂದ್ರದ 2016ರ ಕಟ್ಟಡ ತ್ಯಾಜ್ಯ ನಿಯಮದಲ್ಲಿ ದಿನಕ್ಕೆ 20 ಟನ್ ಡೆಬ್ರಿ ಮೀರಿದವರಿಗೆ ಜಾಸ್ತಿ ಕಟ್ಟುಪಾಡು ಇತ್ತು ನಿಜ, ಆದರೆ ರಸ್ತೆ, ಚರಂಡಿಗೆ ಸುರಿಯಲು ಸಣ್ಣ ಮನೆಯವರಿಗೂ ಅವಕಾಶ ಇರಲಿಲ್ಲ. ಎಲ್ಲಿಗೆ ಹಾಕಬೇಕು ಅಂತ ಪಾಲಿಕೆಯಲ್ಲಿ ಕೇಳಿಕೊಳ್ಳಿ. ಟ್ರ್ಯಾಕ್ಟರ್ ಬಾಡಿಗೆಯನ್ನು ಎಸ್ಟಿಮೇಟಿನಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ, ಈಗಲೇ ಸೇರಿಸಿಕೊಳ್ಳಿ.