ನಿಂತ ವಿಮಾನದಲ್ಲಿ ಏನು ಕೆಡುತ್ತದೆ

ಗೋ ಫಸ್ಟ್ ವಿಮಾನಯಾನ ಸಂಸ್ಥೆ ಮುಚ್ಚಿದಾಗ, ಅದಕ್ಕೆ ವಿಮಾನ ಬಾಡಿಗೆಗೆ ಕೊಟ್ಟಿದ್ದ ಮಾಲೀಕರು ತಮ್ಮ ಏರ್‌ಬಸ್‌ಗಳನ್ನು ಕೂಡಲೇ ಯಾಕೆ ಒಯ್ಯಲಿಲ್ಲ, ನಿಂತಲ್ಲೇ ಅವಕ್ಕೆ ಏನಾಗುತ್ತದೆ ಎಂದು ಕೇಳಿದ್ದೀರಿ.

ಒಯ್ಯಲು ಆಗದಿದ್ದದ್ದು ಕಾನೂನಿನಿಂದ. 2023ರ ಮೇ 3ಕ್ಕೆ ಹಾರಾಟ ನಿಂತಿತು, 10ಕ್ಕೆ ಕಂಪನಿಗಳ ದಿವಾಳಿ ಪ್ರಕರಣ ನೋಡುವ ನ್ಯಾಯಮಂಡಳಿ ಎನ್‌ಸಿಎಲ್‌ಟಿ ಸಂಸ್ಥೆಯ ದಿವಾಳಿ ಅರ್ಜಿ ಒಪ್ಪಿ ಆಸ್ತಿಗಳ ಮೇಲೆ ತಡೆ ಹಾಕಿತು. ಮಾಲೀಕರು ಒಯ್ಯಲು ಅನುವಾಗುವಂತೆ 54 ವಿಮಾನಗಳ ನೋಂದಣಿ ರದ್ದುಪಡಿಸಲು ದೆಹಲಿ ಹೈಕೋರ್ಟ್ ವಿಮಾನಯಾನ ನಿಯಂತ್ರಕ ಡಿಜಿಸಿಎಗೆ ಆದೇಶಿಸಿದ್ದು 2024ರ ಏಪ್ರಿಲ್ 26ಕ್ಕೆ. ವರ್ಷವೇ ಹೋಯಿತು.

ಅಷ್ಟರಲ್ಲಿ ಮೊದಲ ಶತ್ರು ತೇವ. ಇಂಧನ ಟ್ಯಾಂಕಿನ ತಳದಲ್ಲಿ ನೀರು ಕೂತರೆ ಶಿಲೀಂಧ್ರ ಬೆಳೆದು ಫಿಲ್ಟರ್ ಕಟ್ಟುತ್ತದೆ, ಲೋಹ ತಿನ್ನುತ್ತದೆ. ಹಾಗಾಗಿ ತಳದ ವಾಲ್ವ್‌ಗಳಿಂದ ನೀರು ಬಸಿಯುತ್ತಿರಬೇಕು. ಎಂಜಿನ್ನಿನ ಎರಡೂ ಬಾಯಿ ಮುಚ್ಚಿ, ಒಳಗೆ ತೇವ ಹೀರುವ ಚೀಲ ಇಡಬೇಕು. ವೇಗ ಅಳೆಯಲು ಗಾಳಿ ಹಿಡಿಯುವ ಪಿಟೊ ಕೊಳವೆಗೆ ಹೊದಿಕೆ ಕಡ್ಡಾಯ: ಕಣಜ ಮಣ್ಣು ಮೆತ್ತಿದರೆ ವೇಗಮಾಪಕ ಸುಳ್ಳು ಹೇಳುತ್ತದೆ. ಒಂದೇ ಕಡೆ ಭಾರ ಬಿದ್ದು ಚಪ್ಪಟೆಯಾಗದಂತೆ ಚಕ್ರಗಳನ್ನು ಆಗಾಗ ಉರುಳಿಸಬೇಕು. ಬ್ಯಾಟರಿ ಬಿಚ್ಚಿಡಬೇಕು.

ಆದರೆ ನಿಜವಾದ ನಷ್ಟ ಕಾಗದಪತ್ರದಲ್ಲಿ. ಎಂಜಿನ್ನಿನ ತಿರುಗುವ ಡಿಸ್ಕ್‌ಗಳಿಗೆ ಇಂತಿಷ್ಟೇ ಹಾರಾಟ ಎಂಬ ಮಿತಿಯಿದೆ. ಹೊಸದಾಗಿದ್ದಾಗಿನಿಂದ ಲೆಕ್ಕ ಸಿಗದಿದ್ದರೆ, ಡಿಸ್ಕ್ ಎಷ್ಟೇ ಚೆನ್ನಾಗಿದ್ದರೂ ಬಳಸುವಂತಿಲ್ಲ. ಒಂದು ವಿಮಾನದ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕಿದ್ದರಂತೂ ಯಾವುದು ಎಲ್ಲಿ ಹೋಯಿತೆಂದು ಹುಡುಕುವುದೇ ತಿಂಗಳುಗಳ ಕೆಲಸ. ಆದ್ದರಿಂದ ಮಾಲೀಕರ ತಂಡ ವಿಮಾನದ ಬಳಿ ಬಂದ ಮೊದಲ ದಿನವೇ ಪ್ರತಿ ಭಾಗದ ಸೀರಿಯಲ್ ನಂಬರನ್ನು ಫೋಟೊ ತೆಗೆದು ಲಾಗ್‌ಬುಕ್ಕಿನ ಜೊತೆ ತಾಳೆ ನೋಡಬೇಕು. ಹೊದಿಕೆ ಬಿಚ್ಚುವುದು, ಎಂಜಿನ್ ಓಡಿಸುವುದು ಆಮೇಲೆ.