ನರ್ಸಿಂಗ್ ಕಾಲೇಜಿನಲ್ಲಿ ಸಿಮ್ಯುಲೇಶನ್ ಹೆಚ್ಚಿಸಿ ಆಸ್ಪತ್ರೆಯ ಪೋಸ್ಟಿಂಗ್ ಕಡಿಮೆ ಮಾಡಬಹುದೇ?

ಸ್ಕಿಲ್ ಲ್ಯಾಬಿಗೆಂದು ನಿಮ್ಮ ಆಡಳಿತ ಮಂಡಳಿ ಹಣ ಕೊಡಲು ಮುಂದೆ ಬಂದಿದೆ, ದುಬಾರಿ ಮ್ಯಾನಿಕಿನ್ (ರೋಗಿಯ ಬದಲಿಗೆ ಬಳಸುವ ಬೊಂಬೆ) ತರಿಸಿ ಕ್ಲಿನಿಕಲ್ ಪೋಸ್ಟಿಂಗನ್ನು, ಅಂದರೆ ಆಸ್ಪತ್ರೆಯಲ್ಲಿ ನಡೆಯುವ ಕಲಿಕೆಯನ್ನು, ಅರ್ಧಕ್ಕೆ ಇಳಿಸಬಹುದೇ ಎಂದು ಕೇಳಿದ್ದೀರಿ. ಬಿ.ಎಸ್‌ಸಿ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಮಾಡುವವಳಾಗಿ ನಾನು ಹೇಳುವುದಿಷ್ಟು: ಸಿಮ್ಯುಲೇಶನ್, ಅಂದರೆ ನಿಜವಾದ ರೋಗಿಯಿಲ್ಲದೆ ಕೃತಕ ಸನ್ನಿವೇಶದಲ್ಲಿ ನಡೆಸುವ ಅಭ್ಯಾಸ, ಖಂಡಿತ ಹೆಚ್ಚಲಿ, ಆದರೆ ಹಣ ಮೊದಲು ಅಧ್ಯಾಪಕರ ತರಬೇತಿಗೆ ಹೋಗಲಿ.

'ಅರ್ಧ' ಎಂಬ ಲೆಕ್ಕ ಸಾಮಾನ್ಯವಾಗಿ ಬರುವುದು ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟವಾದ ಎನ್‌ಸಿಎಸ್‌ಬಿಎನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಿಂದ. ಹತ್ತು ನರ್ಸಿಂಗ್ ಕಾರ್ಯಕ್ರಮಗಳ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ಕ್ಲಿನಿಕಲ್ ಅವಧಿಯ ಶೇ. 10ಕ್ಕಿಂತ ಹೆಚ್ಚಾಗದಂತೆ, ಉಳಿದ ಎರಡಕ್ಕೆ ಶೇ. 25 ಮತ್ತು ಶೇ. 50ರಷ್ಟು ಸಿಮ್ಯುಲೇಶನ್ ಕೊಟ್ಟು ನೋಡಿದಾಗ, ಜ್ಞಾನದಲ್ಲಾಗಲಿ, ಲೈಸೆನ್ಸ್ ಪರೀಕ್ಷೆಯ ಫಲಿತಾಂಶದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಕಲಿಸಿದವರು ಸಿಮ್ಯುಲೇಶನ್‌ನಲ್ಲೇ ತರಬೇತಿ ಪಡೆದವರು, ಪ್ರತಿ ಸನ್ನಿವೇಶದ ನಂತರ ಕ್ರಮಬದ್ಧವಾದ ಡಿಬ್ರೀಫಿಂಗ್ (ನಡೆದದ್ದನ್ನು ಕೂತು ಪರಾಮರ್ಶಿಸುವ ಚರ್ಚೆ) ಇತ್ತು ಎಂಬುದನ್ನು ಮ್ಯಾನಿಕಿನ್ ಮಾರುವವರು ಹೇಳುವುದಿಲ್ಲ. ಬ್ರಿಟನ್ನಿನ ನರ್ಸಿಂಗ್ ನಿಯಂತ್ರಣ ಸಂಸ್ಥೆ ಇನ್ನೂ ಎಚ್ಚರಿಕೆಯಿಂದ ನಡೆದುಕೊಂಡು, 2,300 ಗಂಟೆಗಳ ಪ್ರಾಯೋಗಿಕ ಕಲಿಕೆಯಲ್ಲಿ ಹೆಚ್ಚೆಂದರೆ 600 ಗಂಟೆಗಳನ್ನು ಸಿಮ್ಯುಲೇಶನ್‌ಗೆ ಬಿಟ್ಟಿದೆ. ನಮ್ಮ ಭಾರತೀಯ ನರ್ಸಿಂಗ್ ಪರಿಷತ್ತಿನ ಸೆಮಿಸ್ಟರ್ ಪಠ್ಯಕ್ರಮದಲ್ಲಿ ಲ್ಯಾಬಿನ ಒಂದು ಕ್ರೆಡಿಟ್ಟಿಗೆ 40 ಗಂಟೆ, ಕ್ಲಿನಿಕಲ್‌ನ ಒಂದು ಕ್ರೆಡಿಟ್ಟಿಗೆ 80 ಗಂಟೆ ಎಂದು ಎರಡನ್ನೂ ಪ್ರತ್ಯೇಕವಾಗಿಯೇ ನಿಗದಿ ಮಾಡಿರುವುದರಿಂದ, ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ಸೇರಿಸುವ ನಿರ್ಧಾರವನ್ನು ಕಾಲೇಜು ತಾನಾಗಿಯೇ ಕೈಗೊಳ್ಳುವಂತಿಲ್ಲ.

ಇನ್ನು ಕಲಿಕೆ ನಿಜವಾಗಿ ನಡೆಯುವ ಜಾಗ ಯಾವುದು ಎಂಬುದಕ್ಕೆ ಹೆರಿಗೆಯ ನಂತರದ ರಕ್ತಸ್ರಾವದ ಸನ್ನಿವೇಶವನ್ನೇ ತೆಗೆದುಕೊಳ್ಳಿ. ಇದಕ್ಕೆ ಕಂಪ್ಯೂಟರ್ ಚಾಲಿತ ಬೊಂಬೆ ಬೇಕಿಲ್ಲ. ಲೇರ್ಡಾಲ್ ಕಂಪನಿಯ ಮಾಮಾನಟಾಲಿಯಂಥ ಸಾಧನವನ್ನು ಅಧ್ಯಾಪಕಿಯೇ ಹೊಟ್ಟೆಗೆ ಕಟ್ಟಿಕೊಂಡು ಮಲಗಿದರೆ, ರಕ್ತ ಎಷ್ಟು ಹರಿಯಬೇಕು, ಗರ್ಭಕೋಶ ಯಾವಾಗ ಗಟ್ಟಿಯಾಗಬೇಕು ಎಂಬುದೆಲ್ಲ ಅವರ ಕೈಯಲ್ಲೇ ಇರುತ್ತದೆ. ಈ ರಕ್ತಸ್ರಾವಕ್ಕೆ ಕೊಡುವ ಆಕ್ಸಿಟೋಸಿನ್ ಔಷಧದ ಪ್ರಮಾಣವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದ ಹುಡುಗಿ ಇಲ್ಲಿ ಚುಚ್ಚುಮದ್ದು ಹುಡುಕುತ್ತಾ ಟ್ರೇಯ ಮುಂದೆ ನಿಂತುಬಿಡುತ್ತಾಳೆ. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶವನ್ನು ಉಜ್ಜುವುದಕ್ಕೂ, ಸಹಾಯಕ್ಕೆ ಕೂಗುವುದಕ್ಕೂ ಯಾರೂ ಇರುವುದಿಲ್ಲ. ವೈದ್ಯರಿಗೆ ಫೋನ್ ಮಾಡಿದವಳು "ಸರ್, ಪೇಷಂಟ್‌ಗೆ ಬ್ಲೀಡಿಂಗ್ ಜಾಸ್ತಿ ಇದೆ, ಬೇಗ ಬನ್ನಿ" ಎಂದಷ್ಟೇ ಹೇಳಿ ಇಡುತ್ತಾಳೆ, ನಾಡಿಯೆಷ್ಟು, ಬಿ.ಪಿ. ಎಷ್ಟು, ಈವರೆಗೆ ಏನು ಕೊಟ್ಟಾಗಿದೆ ಎಂಬ ಮಾತೇ ಬರುವುದಿಲ್ಲ. ಹತ್ತು ನಿಮಿಷದ ಈ ಸನ್ನಿವೇಶಕ್ಕೆ ಇಪ್ಪತ್ತು ನಿಮಿಷದ ಡಿಬ್ರೀಫಿಂಗ್ ಬೇಕು, ಅದೂ "ಯಾಕೆ ಹಾಗೆ ಮಾಡಿದೆ?" ಎಂದು ಗದರಿಸದೆ, "ಆ ಹೊತ್ತಿಗೆ ನಿನ್ನ ಮನಸ್ಸಿನಲ್ಲಿ ಏನಿತ್ತು?" ಎಂದು ಕೇಳಬಲ್ಲವರಿಂದ. ನಾವೆಲ್ಲ ಬೈಸಿಕೊಂಡೇ ಕಲಿತವರಾದ್ದರಿಂದ ಇದು ನಮಗೆ ಅಷ್ಟು ಸುಲಭವಾಗಿ ಬರುವುದಿಲ್ಲ. ತರಬೇತಿಯೆಂದು ನಾನು ಒತ್ತಿ ಹೇಳುತ್ತಿರುವುದು ಮುಖ್ಯವಾಗಿ ಇದನ್ನೇ. ಗುರುಗ್ರಾಮದಲ್ಲಿ ನರ್ಸಿಂಗ್ ಪರಿಷತ್ತಿನ ರಾಷ್ಟ್ರೀಯ ಸಿಮ್ಯುಲೇಶನ್ ಕೇಂದ್ರವಿದೆ; ಇಬ್ಬರು ಅಧ್ಯಾಪಕರನ್ನಾದರೂ ಕಳುಹಿಸುವ ಬಗ್ಗೆ ವಿಚಾರಿಸಿ.

ಒಂದು ತಂಡಕ್ಕೆ ಐದಾರು ಜನರಿಗಿಂತ ಹೆಚ್ಚು ಬೇಡ. ಅರವತ್ತು ಜನರ ತರಗತಿಗೆ ಅದೇ ಸನ್ನಿವೇಶವನ್ನು ಕನಿಷ್ಠ ಹತ್ತು ಬಾರಿ ನಡೆಸಬೇಕಾಗುತ್ತದೆ, ಆದ್ದರಿಂದ ವೇಳಾಪಟ್ಟಿ ಹಾಕುವಾಗ ಅಧ್ಯಾಪಕರ ಗಂಟೆಗಳನ್ನೇ ಮೊದಲು ಎಣಿಸಿ.

ಪೋಸ್ಟಿಂಗ್ ಕಡಿಮೆ ಮಾಡುವ ಬದಲು, ಪೋಸ್ಟಿಂಗಿಗೆ ಹೋಗುವ ಮುಂಚಿನ ವಾರಕ್ಕೆ ಸಿಮ್ಯುಲೇಶನ್ ಇಡುವುದು ಹೆಚ್ಚು ಉಪಯುಕ್ತ. ಕರ್ನಾಟಕದ ಕಾಲೇಜುಗಳಲ್ಲಿ ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಬಂದ ವಿದ್ಯಾರ್ಥಿಗಳು ಬಹಳ ಜನರಿದ್ದಾರೆ. "ಎದೆ ಹಿಡಿದಂಗೆ ಆಗ್ತೈತವ್ವಾ" ಎಂದು ಹಳ್ಳಿಯ ಅಜ್ಜ ಹೇಳಿದಾಗ ಅವರು ಗಾಬರಿಯಿಂದ ಪಕ್ಕದವರ ಮುಖ ನೋಡುತ್ತಾರೆ. ಕನ್ನಡ ಮಾತಾಡುವ ಸಿಬ್ಬಂದಿಯೊಬ್ಬರನ್ನು ರೋಗಿಯ ಪಾತ್ರಕ್ಕೆ ಸಿದ್ಧಪಡಿಸಿ ಮಂಚದ ಮೇಲೆ ಕೂರಿಸಿದರೆ, ನಿಮ್ಮ ಮ್ಯಾನಿಕಿನ್ ಬರುವ ಮೊದಲೇ, ಮುಂದಿನ ವಾರದಿಂದಲೇ ಇದನ್ನು ಕಲಿಸಲು ಶುರುಮಾಡಬಹುದು.