ಈರಿ ಕಾಲುವೆಯ ಗಾರೆ ಮತ್ತು ಕ್ಯಾನ್ವಾಸ್ ವೈಟ್

ಅಮೆರಿಕದಲ್ಲಿ ಸಿಮೆಂಟ್ ಕಾರ್ಖಾನೆಗಳೇ ಇಲ್ಲದ ಕಾಲದಲ್ಲಿ ಅಲ್ಲಿನ ಈರಿ ಕಾಲುವೆಯ ಲಾಕ್‌ಗಳ (ನೀರಿನ ಮಟ್ಟ ಏರಿಸಿ ಇಳಿಸಿ ದೋಣಿಗಳನ್ನು ದಾಟಿಸುವ ಬಾಗಿಲುಳ್ಳ ಕಟ್ಟೆಗಳ) ಕಲ್ಲುಗೋಡೆ ನೀರಿನಲ್ಲಿ ಹೇಗೆ ನಿಂತಿತು ಎಂದು ಕೇಳಿದ್ದೀರಿ. ಶ್ರೇಯದ ದೊಡ್ಡ ಪಾಲು ಎಂಜಿನಿಯರ್ ಕ್ಯಾನ್ವಾಸ್ ವೈಟ್ (1790–1834) ಅವರದು.

ಮಾಮೂಲಿ ಸುಣ್ಣದ ಗಾರೆ ಗಟ್ಟಿಯಾಗಲು ಗಾಳಿ ಬೇಕು. ನೀರಿನಡಿ ಅದು ಹಸಿಯಾಗಿಯೇ ಉಳಿದು, ಸಂದುಗಳಿಂದ ಕೊಚ್ಚಿಹೋಗುತ್ತದೆ. ಬ್ರಿಟನ್ನಿನ ಕಾಲುವೆಗಳನ್ನು ದಂಡೆಗುಂಟ ನಡೆದೇ ಅಧ್ಯಯನ ಮಾಡಿ 1818ರಲ್ಲಿ ಮರಳಿದ ವೈಟ್‌ಗೆ ಉತ್ತರ ಸಿಕ್ಕಿದ್ದು ನ್ಯೂಯಾರ್ಕ್ ರಾಜ್ಯದ ಚಿಟೆನಾಂಗೊ ಬಳಿ, ಜೇಡಿಯಂಶ ಬೆರೆತ ಸುಣ್ಣಕಲ್ಲಿನಲ್ಲಿ. ಈ ಕಲ್ಲನ್ನು ಸುಟ್ಟು ನೀರು ಹಾಕಿದರೆ ಸುಣ್ಣದಂತೆ ಅರಳುವುದಿಲ್ಲ. ಹಾಗಾಗಿ ಕೆಟ್ಟ ಕಲ್ಲೆಂದು ಬಿಸಾಡುವುದು ಸುಲಭ. ಗುಟ್ಟು ಇರುವುದು ಮುಂದಿನ ಹಂತದಲ್ಲಿ: ಸುಟ್ಟದ್ದನ್ನು ನುಣ್ಣಗೆ ಬೀಸಿ, ಮರಳು ಬೆರೆಸಿ, ಕಲಸಿದ ಕೂಡಲೇ ಬಳಸಬೇಕು. ಆಗ ನೀರಿನಲ್ಲೇ ಕಲ್ಲಾಗುತ್ತದೆ.

1820ರಲ್ಲಿ ಅವರು ಪೇಟೆಂಟ್ ಪಡೆದರೂ ಹಲವು ಗುತ್ತಿಗೆದಾರರು ರಾಯಧನ ಕೊಡದೆಯೇ ಬಳಸಿದರು. ಇದು ಅವರಿಗಾದ ನಿಜವಾದ ಅನ್ಯಾಯ.